ಕಾರುಗಳ ಕೆಳಗೆ ನೀರು

ಎಲ್ಲರೂ ನಗುತ್ತಿದ್ದರು, ಕೊರಿನ್ ಸೊನಿಯೆಗೆ ಬೆಳಗಿನಿಂದ ಸರಿಬಾರದೆ ಇದ್ದದ್ದು ಅದೇ. ಹೆಡ್‌ಮಾಸ್ಟರ್ ಗಾರ್ಲನ್ ಪೆಲ್ಟಿಯೆ ಗೇಟಿನ ಹತ್ತಿರವೇ ಕಾದು ನಿಂತು ಅವಳ ಕಾರಿನ ಬಾಗಿಲನ್ನು ತಾನೇ ತೆಗೆದಿದ್ದ. ಸ್ಕೂಲ್ ಬೋರ್ಡಿನ ಲೆಕ್ಕ ನೋಡಿಕೊಳ್ಳುವ ಟ್ರೂಡಿ, ಹೋದ ವರ್ಷ ಫೈಲುಗಳನ್ನು ಮೇಜಿನ ಮೇಲೆ ಕುಕ್ಕಿ ಹೋಗಿದ್ದವಳು, ಈ ಸಲ ಒಂದೊಂದಕ್ಕೂ ಬಣ್ಣದ ಚೀಟಿ ಅಂಟಿಸಿಟ್ಟು, "ಇನ್ನೇನಾದ್ರೂ ಬೇಕಾ ಮಿಸ್ ಕೊರಿನ್, ಬೇಗ ತಂದ್ಕೊಡ್ತೀನಿ" ಎಂದು ಬಾಗಿಲಲ್ಲಿ ಇಣುಕುತ್ತಲೇ ಇದ್ದಳು. ಚಂಡಮಾರುತ ಬಂದು ಹೋದ ಮೇಲೆ ವಾಷಿಂಗ್ಟನ್ನಿನಿಂದ ಶಾಲೆಗಳಿಗೆ ಬಂದ ಹಣ, ಯಾವುದಕ್ಕೆಂದು ಬಂದಿತ್ತೋ ಅದಕ್ಕೇ ಹೋಗಿದೆಯೇ ಎಂದು ಊರೂರಿಗೆ ಹೋಗಿ ಕಣ್ಣಾರೆ ನೋಡಿ ಬರುವುದು ಅವಳ ಕೆಲಸ. ಅಂಥ ಕೆಲಸದವಳನ್ನು ಕಂಡು ಜನ ಯಾವ ಯಾವ ಥರ ನಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಹೆದರಿದ ನಗು, ಸಿಟ್ಟು ನುಂಗಿದ ನಗು, ಈ ಹೆಂಗಸಿಗೆ ಏನೂ ತಿಳಿಯುವುದಿಲ್ಲ ಬಿಡು ಎನ್ನುವ ನಗು. ಇದು ಅದಾವುದೂ ಅಲ್ಲ. ಹೊರಟು ನಿಂತ ನೆಂಟರು ಹೊಸ್ತಿಲಲ್ಲಿ ನಿಂತು ಮತ್ತೆ ಮಾತು ಶುರು ಮಾಡಿದಾಗ, ಒಳಗೆ ಒಲೆಯ ಮೇಲೆ ಹಾಲಿಟ್ಟು ಬಂದ ಮನೆಯಾಕೆ ನಗುವ ನಗು.

ಪಾಯಿಂಟ್ ಸೊರೆಲ್ ಎಂಬ ಈ ಊರು ಅವಳಿಗೆ ಹೊಸದಲ್ಲ. ಲೂಯಿಸಿಯಾನದ ಈ ತೆಂಕಣ ಅಂಚಿನಲ್ಲೇ, ಎರಡು ಹಿನ್ನೀರು ದಾಟಿದರೆ ಸಿಗುವ ಊರಿನಲ್ಲಿ ಅವಳು ಹುಟ್ಟಿದ್ದು. ರಾಜಧಾನಿ ಬ್ಯಾಟನ್ ರೂಜಿನ ಆಫೀಸಿನಲ್ಲಿ ಈ ಕಡೆಯ ತಪಾಸಣೆ ಯಾರು ಮಾಡುತ್ತೀರಿ ಎಂದಾಗೆಲ್ಲ ಅವಳು ತಾನಾಗಿ ಕೈ ಎತ್ತುತ್ತಿದ್ದಳು. ನಮ್ಮ ಜನ, ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಎಂದು ಆಫೀಸಿನಲ್ಲಿ ಹೇಳಿಕೊಳ್ಳುವುದೂ ಇತ್ತು. ಈಗ ಕಾರಿಡಾರಿನಲ್ಲಿ ನಡೆಯುವಾಗ ಮೇಷ್ಟ್ರುಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಅವಳು ದಾಟಿದ ಮೇಲೆ ಹಿಂದಿನಿಂದ ಯಾರೋ ಮೆಲ್ಲಗೆ, "ಹುಲ್ಲಿನ ಮೆಷಿನ್ನಿನ ಮೇಡಂ ಇವಳೇನಾ?" ಎಂದದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ. ಕಿವಿಯ ತುದಿ ಮಾತ್ರ ಬಿಸಿಯಾಯಿತು. ಕಿಟಕಿಯ ಆಚೆ ತಗಡಿನ ಟ್ರೈಲರುಗಳು ಸಾಲಾಗಿ ನಿಂತಿದ್ದವು. ಬಿರುಗಾಳಿ ಹಳೆಯ ಕಟ್ಟಡವನ್ನು ಮಲಗಿಸಿದ ವರ್ಷದಿಂದ ಚಿಕ್ಕ ಮಕ್ಕಳು ಅವುಗಳಲ್ಲೇ ಕೂತು ಓದುತ್ತಿದ್ದರು. ಪಕ್ಕದಲ್ಲಿ ಅವರಿಗಾಗಿ ಏಳುತ್ತಿದ್ದ ಕಟ್ಟಡ ಕಂಬ ಗೋಡೆಗಳವರೆಗೆ ಬಂದು ನಿಂತಿತ್ತು. ಅದರ ಹಣದ ಕೊನೆಯ ಕಂತು ಅವಳ ವರದಿಗೆ ಕಾದಿತ್ತು. ಗಾರ್ಲನ್ ಬೆಳಗಿನಿಂದ ಆ ಕಟ್ಟಡದ ಮಾತನ್ನು ಒಂದು ಸಲವೂ ಎತ್ತಿರಲಿಲ್ಲ. ಹೋದ ಸಲ ಅದನ್ನು ಬಿಟ್ಟು ಬೇರೆ ಮಾತಾಡಿರಲಿಲ್ಲ.

ಅಡುಗೆಮನೆಯ ಫ್ರೀಜರ್ ಕೋಣೆಯನ್ನು ತೋರಿಸಿದ್ದು ಎಲ್ಡೀನ್ ಆರ್ಸೆನೋ. ಶಾಲೆಯ ಅಡುಗೆಯ ಹೊಣೆ ಅವಳದು, ಕೋಣೆಯ ಬೀಗದ ಕೈಯೂ ಅವಳ ಸೊಂಟದಲ್ಲೇ. ಅರವತ್ತರ ಹತ್ತಿರದ ದಪ್ಪ ಹೆಂಗಸು, ಮೊಣಕೈವರೆಗೆ ಸುಟ್ಟ ಕಲೆಗಳು. "ಒಳಗೆ ಬರ್ತೀರಾ, ಇಲ್ಲಿಂದ್ಲೇ ನೋಡ್ತೀರಾ? ಒಳಗೆ ಚಳಿ ಕಣಮ್ಮ, ನಿಮಗೆ ಈ ತೆಳು ಬಟ್ಟೇಲಿ ಆಗಲ್ಲ" ಎಂದಳು. ಕೊರಿನ್ ಒಳಗೆ ಹೋದಳು. ಒಂದು ಸಂಸಾರ ಮಲಗಬಹುದಾದಷ್ಟು ದೊಡ್ಡ ಕೋಣೆ. ಕರೆಂಟು ಹೋದರೆ ತಾನಾಗಿ ಶುರುವಾಗುವ ಜನರೇಟರ್ ಹೊರಗೆ. ಎಲ್ಲ ಪರಿಹಾರದ ಹಣದಲ್ಲಿ ಕೊಂಡದ್ದು, ಶಾಲೆಯ ಮಕ್ಕಳ ಊಟಕ್ಕೆಂದು. ಬಾಗಿಲ ಹತ್ತಿರದ ಕಪಾಟಿನಲ್ಲಿ ಕೋಳಿ ತುಂಡುಗಳ, ಬಟಾಣಿಯ, ಬನ್ನಿನ ರಟ್ಟಿನ ಡಬ್ಬಗಳು ಜೋಡಿಸಿದ್ದವು. ಉಳಿದ ಕಪಾಟುಗಳೆಲ್ಲ ಬರಿದು. ಬರಿದಾದ ಕಬ್ಬಿಣದ ಮೇಲೆ ಬಿಳಿ ಹಿಮ ಕಟ್ಟಿತ್ತು, ಆದರೆ ಎಲ್ಲ ಕಡೆಯೂ ಅಲ್ಲ. ಚೌಕ ಚೌಕವಾಗಿ, ಉದ್ದುದ್ದವಾಗಿ, ಏನನ್ನೋ ಇಟ್ಟು ಈಗಷ್ಟೇ ಎತ್ತಿದ ಹಾಗೆ, ಲೋಹ ಹೊಳೆಯುತ್ತಿತ್ತು. ಗೋಡೆಯಿಂದ ಚಿತ್ರಪಟ ತೆಗೆದ ಮನೆಯ ಹಾಗೆ ಎಂದುಕೊಂಡಳು. ಬೆರಳಿಂದ ಒಂದು ಚೌಕವನ್ನು ಮುಟ್ಟಿದಳು. ಹಿಂದೆ ಎಲ್ಡೀನ್ ಯಾವುದೋ ಹಾಡು ಗುನುಗುತ್ತಿದ್ದುದು ನಿಂತಿತು.

"ತೊಳೆದ್ವಿ. ನೀವು ಬರ್ತೀರಾ ಅಂತ ಎಲ್ಲಾ ತೆಗೆದು ತೊಳೆದ್ವಿ," ಎಂದಳು ಎಲ್ಡೀನ್, ಕೇಳದೆಯೇ.

"ಚೆನ್ನಾಗಿ ಇಟ್ಟಿದ್ದೀರಿ."

"ಆಯ್ತಾ ಹಾಗಾದ್ರೆ?"

ಫ್ರೀಜರಿನ ಲೇಬಲ್ಲಿನ ಫೋಟೋ ತೆಗೆಯಲು ಹೋದರೆ ಫೋನು ಸತ್ತಿತ್ತು. ಚಾರ್ಜರ್ ಕಾರಿನಲ್ಲಿತ್ತು. ನಾನೇ ತರುತ್ತೇನೆ ಎಂದು ಟ್ರೂಡಿ ಕೀಲಿಗೆ ಕೈಚಾಚಿದಳು, ನನ್ನ ಫೋನಿನಲ್ಲಿ ತೆಗೆದು ಕಳಿಸುತ್ತೇನೆ ಎಂದ ಗಾರ್ಲನ್. ಒಂದು ಚಾರ್ಜರಿಗೆ ಇಬ್ಬರು ಇಷ್ಟು ಅವಸರಪಡುವುದನ್ನು ನೋಡಿ ಕೊರಿನ್‌ಗೆ ನಿಜಕ್ಕೂ ಹೊರಗಿನ ಗಾಳಿ ಬೇಕೆನಿಸಿತು. ಕಾಲಿಗೆ ತಗುಲಿದ ನಾಯಿಮರಿಯನ್ನು ಸರಿಸಿದ ಹಾಗೆ ಅವರ ನಗುವನ್ನು ಸರಿಸಿ ಅವಳು ಹೊರಗೆ ಬಂದಳು.

ಹೊರಗೆ ಸೆಪ್ಟೆಂಬರಿನ ಬಿಸಿಲು, ಒದ್ದೆ ಕಂಬಳಿಯ ಹಾಗೆ ಮೈಗಂಟುವ ಸೆಕೆ. ಕೊಲ್ಲಿಯಲ್ಲಿ ಮತ್ತೊಂದು ಚಂಡಮಾರುತದ ಸುಳಿ ಎದ್ದಿದೆ ಎಂದು ಬರುವ ದಾರಿಯಲ್ಲಿ ರೇಡಿಯೋ ಹೇಳಿತ್ತು. ಈ ತಿಂಗಳಲ್ಲಿ ಅದನ್ನು ಇಲ್ಲಿ ಯಾರೂ ಸುದ್ದಿ ಎನ್ನುವುದಿಲ್ಲ, ಸುಮ್ಮನೆ ಕಿಟಕಿಗೆ ಹೊಡೆಯುವ ಹಲಗೆಗಳನ್ನು ಕೊಟ್ಟಿಗೆಯಿಂದ ಹೊರಗೆ ತಂದು ಇಡುತ್ತಾರೆ. ಕಾರುಗಳ ನಡುವೆ ನಡೆಯುವಾಗ ಅವಳ ಚಪ್ಪಲಿ ಒದ್ದೆಯಾಯಿತು. ಮಳೆ ಬಂದಿರಲಿಲ್ಲ. ಮೇಷ್ಟ್ರೊಬ್ಬರ ನೀಲಿ ಕಾರಿನ ಡಿಕ್ಕಿಯ ಕೆಳಗಿಂದ ನೀರು ತೊಟ್ಟಿಕ್ಕುತ್ತಿತ್ತು. ಎಂಜಿನ್ನಿನ ಕಡೆಯಿಂದಲ್ಲ, ಹಿಂದಿನಿಂದ. ಅದರ ಪಕ್ಕದ ಕಾರಿನದೂ ಹಾಗೇ. ಪಿಕಪ್ ಗಾಡಿಯೊಂದರ ಹಿಂಭಾಗಕ್ಕೆ ಟಾರ್ಪಾಲು ಬಿಗಿದು ಅದರ ಮೇಲೆ ಹಳೆಯ ರಜಾಯಿಗಳನ್ನು ಹೊದಿಸಿದ್ದರು. ಅದರ ಕೆಳಗೆ ಒಂದು ಸಣ್ಣ ತೊರೆಯೇ ಹರಿದು ಗಟಾರ ಸೇರುತ್ತಿತ್ತು. ಇಡೀ ಸಾಲು, ಗಾರ್ಲನ್‌ನ ಕಾರೂ ಸೇರಿ, ಮೆಲ್ಲಗೆ ತೊಟ್ಟಿಕ್ಕುತ್ತ ನಿಂತಿತ್ತು. ಅವಳು ಬಗ್ಗಿ ಒಂದು ಹನಿಯನ್ನು ಅಂಗೈಗೆ ಹಿಡಿದಳು. ತಣ್ಣಗಿತ್ತು. ಮೂಗಿನ ಹತ್ತಿರ ತಂದಾಗ ಸೀಗಡಿಯ ವಾಸನೆ.

ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಕಪಾಟಿನ ಮೇಲಿನ ಹೊಳೆಯುವ ಚೌಕಗಳೆಲ್ಲ ಒಂದೊಂದಾಗಿ ಬಂದು ಈ ಡಿಕ್ಕಿಗಳಲ್ಲಿ ಕೂತವು. ಊರಿನವರ ಸೀಗಡಿ, ಏಡಿ, ಬೇಟೆಯ ಜಿಂಕೆ ಮಾಂಸ, ಬಾತುಕೋಳಿ, ಹಿತ್ತಲ ಬೆಂಡೆಕಾಯಿ, ವರ್ಷವಿಡೀ ಕೂಡಿಟ್ಟದ್ದು. ಸುಳಿ ಎದ್ದ ಸುದ್ದಿ ಕೇಳಿ ಎಲ್ಲರೂ ತಂದು ಶಾಲೆಯ ಕೋಣೆಯಲ್ಲಿ ಇಟ್ಟಿದ್ದರು, ಊರಿನಲ್ಲಿ ಕರೆಂಟು ಹೋದರೂ ತಣ್ಣಗಿರುವ ಜಾಗ ಅದೊಂದೇ ಎಂದು. ಬೆಳಗ್ಗೆ ಅವಳು ಬರುತ್ತಾಳೆಂದು ಗೊತ್ತಾದ ಕೂಡಲೇ ಮೇಷ್ಟ್ರುಗಳು, ಅಡುಗೆಯವರು ಎಲ್ಲ ಸೇರಿ ಐಸ್ ಪೆಟ್ಟಿಗೆಗಳಲ್ಲಿ ತುಂಬಿ ಹೊತ್ತು ತಂದು ಬಿಸಿಲಲ್ಲಿ ನಿಂತ ಕಾರುಗಳಿಗೆ ಹಾಕಿದ್ದರು. ಅವಳು ಬೇಗ ಹೊರಟರೆ ಎಲ್ಲ ಮತ್ತೆ ಒಳಗೆ. ಅವಳು ಕೂತಷ್ಟು ಹೊತ್ತೂ ಊರಿನ ಊಟ ನೀರಾಗಿ ಗಟಾರಕ್ಕೆ ಹೋಗುತ್ತದೆ. ಬೆಳಗಿನಿಂದ ಅವಳು ಒಂದೊಂದು ಫೈಲನ್ನು ಎರಡೆರಡು ಸಲ ತಿರುವಿದ್ದಳು, ಟ್ರೂಡಿ ಕೊಟ್ಟ ಕಾಫಿಯನ್ನು ಆರಲು ಬಿಟ್ಟು ಕುಡಿದಿದ್ದಳು, ತನ್ನ ಬಾಲ್ಯದ ಶಾಲೆಯ ಕಥೆಯನ್ನು ಗಾರ್ಲನ್‌ಗೆ ವಿಸ್ತಾರವಾಗಿ ಹೇಳಿದ್ದಳು, ಅವನು ನಗುನಗುತ್ತ ಕೇಳಿದ್ದ.

ಹುಲ್ಲಿನ ಮೆಷಿನ್ನು. ಹೌದು, ಅವರು ಹೆದರಿದ್ದು ಅದಕ್ಕೇ. ಉತ್ತರಕ್ಕಿರುವ ಇನ್ನೊಂದು ಬೋರ್ಡಿನಲ್ಲಿ ಅಲ್ಸೈಡ್ ಮೊರೋ ಎಂಬ ಮೈದಾನದ ಕೆಲಸಗಾರ. ಪರಿಹಾರದ ಹಣದಲ್ಲಿ ಕೊಂಡ ಹುಲ್ಲು ಕತ್ತರಿಸುವ ಯಂತ್ರವನ್ನು ಅವಳಿಗೆ ತೋರಿಸುತ್ತ, ಅದರ ಸೀಟಿನ ಮೇಲೆ ಕೈಯಾಡಿಸುತ್ತ, ಭಾನುವಾರ ಬೆಳಗ್ಗೆ ಇದರಲ್ಲೇ ಊರಿನ ಸ್ಮಶಾನದ ಹುಲ್ಲನ್ನೂ ಕತ್ತರಿಸಿಬಿಡುತ್ತೇನೆ, ನೀರು ಬಂದಾಗಿನಿಂದ ಗೋರಿಗಳೇ ಕಾಣುವುದಿಲ್ಲ ನೋಡಿ, ಎಂದಿದ್ದ. ತಾನಾಗಿ, ಹೆಮ್ಮೆಯಿಂದ. ಅವಳು ತಲೆಯಾಡಿಸಿದ್ದಳು, ಒಳ್ಳೆಯದು ಎಂದೂ ಅಂದಿರಬೇಕು. ಆಮೇಲೆ ಬ್ಯಾಟನ್ ರೂಜಿಗೆ ಬಂದು, ಯಂತ್ರವನ್ನು ಶಾಲೆಯ ಹೊರಗಿನ ಕೆಲಸಕ್ಕೆ ಬಳಸಲಾಗಿದೆ ಎಂದು ಒಂದು ವಾಕ್ಯ ಬರೆದಳು. ಸುಳ್ಳಲ್ಲ. ಯಾವ ಕೆಲಸಕ್ಕೆ, ಯಾಕೆ ಎಂದು ಬರೆಯಲು ಜಾಗ ಇತ್ತು, ಬರೆದಿರಲಿಲ್ಲ. ಅಷ್ಟು ಹೊತ್ತಿಗೆ ಐದು ಗಂಟೆಯಾಗಿತ್ತು, ತಲೆನೋಯುತ್ತಿತ್ತು. ಬೋರ್ಡಿನವರು ಆ ವಾಕ್ಯ ಓದಿ ಅವನನ್ನು ಕೆಲಸದಿಂದ ತೆಗೆದರು. ಈಗ ಹೆದ್ದಾರಿಯ ಪಕ್ಕ ಗಾಳಕ್ಕೆ ಸಿಕ್ಕಿಸುವ ಹುಳ ಮಾರುತ್ತಾನೆ. ಹೋದ ತಿಂಗಳು ಅವನ ಅಂಗಡಿ ದಾಟುವಾಗ ಅವಳು ಕಾರನ್ನು ನಿಧಾನ ಮಾಡಿದ್ದಳು. ಅವನು ಗಿರಾಕಿ ಎಂದುಕೊಂಡು ಎದ್ದು ನಿಂತ. ಅವಳು ವೇಗ ಹೆಚ್ಚಿಸಿದಳು.

ಬಿಸಿಲಿಗೆ ಕಾರಿನ ಲೋಹ ಸುಡುತ್ತಿತ್ತು. ಅಮ್ಮನ ಫ್ರಿಜ್ಜು ನೆನಪಾದದ್ದು ಆ ವಾಸನೆಯಿಂದಲೇ ಇರಬೇಕು. ಆ ದೊಡ್ಡ ಗಾಳಿಯ ನಂತರ ಬೀದಿ ಬೀದಿಯಲ್ಲಿ ಜನ ತಮ್ಮ ಫ್ರಿಜ್ಜುಗಳಿಗೆ ಸುತ್ತಲೂ ಟೇಪು ಬಿಗಿದು ಮನೆಯ ಮುಂದೆ ಇಟ್ಟಿದ್ದರು, ಯಾರೂ ಬಾಗಿಲು ತೆರೆಯದ ಹಾಗೆ; ತೆರೆದರೆ ಊರು ಬಿಡಬೇಕಾದ ನಾತ. ಅಮ್ಮನ ಮನೆಯ ಛಾವಣಿ ಹಾರಿಹೋಗಿತ್ತು. ಅದಕ್ಕೆ ಅಮ್ಮ ಅಳಲಿಲ್ಲ. ಫ್ರಿಜ್ಜನ್ನು ಹೊರಲು ಬಂದ ಇಬ್ಬರು ಗಂಡಸರ ಮುಂದೆ ಕೈ ಅಡ್ಡ ಹಿಡಿದು, "ಅದ್ರಲ್ಲಿ ಅವರು ಕೊನೇ ಸಲ ಹಿಡಿದ ಸೀಗಡಿ ಇದೆ ಕಣ್ರೋ, ಪ್ಯಾಕೆಟ್ ಮೇಲೆ ಅವರೇ ತಾರೀಖು ಬರ್ದಿದ್ದಾರೆ" ಎಂದು ನಿಂತಿದ್ದಳು. ಅಪ್ಪ ಆ ವಸಂತದಲ್ಲಿ ತೀರಿಕೊಂಡಿದ್ದ. ಹಬ್ಬಕ್ಕೆ ಗಂಬೋ ಎಂಬ ಸಾರು ಮಾಡಲು ಎಂದು ಅಮ್ಮ ಅದನ್ನು ಮುಟ್ಟದೆ ಇಟ್ಟಿದ್ದಳು. ಕೊರಿನ್ ಅವಳನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದಳು, ಸ್ವಲ್ಪ ಜೋರಾಗಿಯೇ ಎಳೆದಳು, ಯಾಕೆಂದರೆ ಗಂಡಸರು ಕಾಯುತ್ತಿದ್ದರು. ಈ ಡಿಕ್ಕಿಗಳಲ್ಲಿ ಎಷ್ಟು ಜನ ತೀರಿಕೊಂಡವರ ಕೈಬರಹ ಇದೆಯೋ. ಹೋಗಿಬಿಡಬೇಕು. ಈಗಲೇ, ಹೇಳಿ ಹೊರಟುಬಿಡಬೇಕು. ಕಾರಿನಿಂದ ಚಾರ್ಜರ್ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಅವಳು ಓಡುವ ಹಾಗೆ ಒಳಗೆ ಬಂದಳು.

"ನನ್ನ ಕೆಲಸ ಮುಗೀತು. ಹೊರಡ್ತೀನಿ," ಎಂದಳು.

ಗಾರ್ಲನ್‌ನ ಭುಜ ಒಂದು ಗೇಣು ಇಳಿಯಿತು, ಟ್ರೂಡಿ ಕಣ್ಣು ಮುಚ್ಚಿ ತೆರೆದಳು. ಅಷ್ಟರಲ್ಲಿ ಗಾರ್ಲನ್‌ನ ಬಾಯಿ, ಅವನ ತಾಯಿ ತಂದೆ ಅಜ್ಜಿಯರೆಲ್ಲ ಕಲಿಸಿದ ಬಾಯಿ, ಅವನನ್ನು ಕೇಳದೆಯೇ ಹೇಳಿಬಿಟ್ಟಿತು: "ಊಟ ಮಾಡ್ದೆ ಹೇಗೆ ಹೋಗ್ತೀರಾ?"

ಹೇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಟ್ರೂಡಿ ಅವನ ಕಾಲನ್ನು ತುಳಿದದ್ದೂ ಕಾಣಿಸಿತು. ಆದರೆ ಮಾತು ಹೊರಬಿದ್ದಿತ್ತು, ಆಗಲೇ ಎಲ್ಡೀನ್ ಮೇಜಿಗೆ ತಟ್ಟೆ ತಂದಿಟ್ಟಿದ್ದಳು. ಬೇಡ, ಹಸಿವಿಲ್ಲ ಎಂದು ಕೊರಿನ್ ಎರಡು ಸಲ ಅಂದಳು. ಈ ಕಡೆ ಮೂರನೆಯ ಸಲ ಅಂದರೆ ಜಗಳ ಎಂದರ್ಥ. ಊಟ ಬೇಡವೆಂದು ಎದ್ದು ಹೋದ ತಪಾಸಣೆಯವಳು ವರದಿಯಲ್ಲಿ ಏನು ಬರೆಯುತ್ತಾಳೋ ಎಂದು ಅವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಕೂತಳು. ಮೇಷ್ಟ್ರುಗಳು ಊಟಕ್ಕೆ ಕೊಡುವಷ್ಟೇ ದುಡ್ಡನ್ನು ಎಂದಿನಂತೆ ತಟ್ಟೆಯ ಪಕ್ಕ ಇಟ್ಟಳು. ನಿಯಮ ಅದು, ಯಾರ ಅನ್ನವನ್ನೂ ಬಿಟ್ಟಿ ತಿನ್ನುವ ಹಾಗಿಲ್ಲ. ಎಲ್ಡೀನ್ ಆ ನೋಟುಗಳನ್ನು ಮೇಜಿನ ಮೇಲೆ ಕೂತ ನೊಣವನ್ನು ನೋಡುವ ಹಾಗೆ ನೋಡಿದಳು.

"ವಾಷಿಂಗ್ಟನ್ನಿನವರು ಹಸಿವಾಗಬಾರದು ಅಂತೇನೂ ಬರ್ದಿಲ್ವಲ್ಲ? ಎಲ್ಲೋ ಬರ್ದಿರಬೇಕು, ಹುಡುಕಿದ್ರೆ ಸಿಗುತ್ತೆ," ಎಂದು ಅನ್ನದ ಮೇಲೆ ಸೀಗಡಿಯ ದಪ್ಪ ಸಾರು ಸುರಿದಳು. ಕೆಂಪಗೆ, ಬೆಣ್ಣೆ ತೇಲುತ್ತ, ಹಬೆಯಾಡುತ್ತ.

ಕೊರಿನ್ ಬೇಗ ಬೇಗ ತಿಂದಳು. ನಾಲಿಗೆ ಸುಟ್ಟಿತು. ಎದುರಿಗೆ ಗಾರ್ಲನ್ ಕಿಟಕಿಯ ಕಡೆ ಬೆನ್ನು ಮಾಡಿ ಕೂತಿದ್ದರೂ ಅವನ ಕತ್ತು ಕಿಟಕಿಯ ಕಡೆಗೇ ಎಳೆಯುತ್ತಿತ್ತು. ಟ್ರೂಡಿ ಸ್ಪೂನನ್ನು ಬಾಯಿಗೆ ಒಯ್ಯುತ್ತಿದ್ದಳು, ಅದರಲ್ಲಿ ಅನ್ನವಿರಲಿಲ್ಲ. ಯಾರೋ ಮಳೆ ಬರಬಹುದೇ ಎಂದರು, ಯಾರೋ ಬರಬಹುದು ಎಂದರು. ರುಚಿ ಗೊತ್ತಾಗದ ಹಾಗೆ ನುಂಗಬೇಕೆಂದು ಹೊರಟರೂ ಗೊತ್ತಾಗುತ್ತಿತ್ತು, ಅದೇ ಕಷ್ಟ. ಅವಳ ಸೀಮೆಯದೇ ರುಚಿ. ತಟ್ಟೆ ಖಾಲಿಯಾಯಿತು, ಎದ್ದುಬಿಡಬಹುದು ಎಂದು ಕುರ್ಚಿ ಹಿಂದಕ್ಕೆ ಸರಿಸುವಷ್ಟರಲ್ಲಿ ಎಲ್ಡೀನ್‌ಳ ಕೈ, ಅದು ಕೂಡ ಯಾರನ್ನೂ ಕೇಳದ ಕೈ, ಖಾಲಿ ತಟ್ಟೆ ಕಂಡದ್ದೇ ಇನ್ನೊಂದು ಸೌಟು ಅನ್ನ, ಇನ್ನೊಂದು ಸೌಟು ಸಾರು ಬಡಿಸಿಬಿಟ್ಟಿತು. ನಾಲ್ವರೂ ಆ ತುಂಬಿದ ತಟ್ಟೆಯನ್ನು ನೋಡಿದರು. ಹೊರಗಡೆ ಬಿಸಿಲು ಸ್ವಲ್ಪ ಸರಿದು ಕಾರುಗಳ ಹಿಂಭಾಗದ ಮೇಲೆ ನೇರ ಬಿದ್ದಿತ್ತು.

ಇದನ್ನೂ ತಿಂದು ಮುಗಿಸಬಹುದು, ಕೈ ಕುಲುಕಿ ಹೊರಡಬಹುದು, ಎಲ್ಲ ಸರಿಯಾಗಿದೆ ಎಂದು ಬರೆಯಬಹುದು. ನೋಡಿದ್ದು ಖಾಲಿ ಕೋಣೆಯನ್ನು ತಾನೆ. ಆದರೆ ನೋಡಿದ್ದು ಅದೊಂದನ್ನೇ ಅಲ್ಲ, ಆ ಹನಿ ಇನ್ನೂ ಅಂಗೈಯಲ್ಲಿ ಅಂಟಂಟಾಗಿತ್ತು. ಇವತ್ತು ಇದನ್ನು ಬಿಟ್ಟರೆ ನಾಳೆ ಇನ್ನೊಂದು ಊರಿನಲ್ಲಿ ನಿಜವಾಗಿ ಹಣ ತಿಂದು ತೇಗಿದವನು ನಗುನಗುತ್ತ ಬಾಗಿಲು ತೆಗೆದಾಗ ಯಾವ ಮುಖ ಇಟ್ಟುಕೊಂಡು ಅವನ ಫೈಲು ಬಿಚ್ಚುವುದು? ಅವಳು ಸ್ಪೂನನ್ನು ಕೆಳಗಿಟ್ಟಳು.

"ಎಲ್ಡೀನ್, ಅದನ್ನೆಲ್ಲ ಒಳಗೆ ತನ್ನಿ."

"ಯಾವುದನ್ನ?"

"ಡಿಕ್ಕಿಗಳಲ್ಲಿ ಇರೋದನ್ನ."

ಗಾರ್ಲನ್ ನಕ್ಕ. "ಡಿಕ್ಕೀಲಿ ಸ್ಟೆಪ್ನಿ ಇರುತ್ತೆ ಮಿಸ್ ಕೊರಿನ್."

"ಸ್ಟೆಪ್ನಿ ಕರಗಲ್ಲ ಗಾರ್ಲನ್."

ಅವನ ನಗು ಮುಖದಲ್ಲೇ ಉಳಿಯಿತು, ಒಗೆದು ಹಗ್ಗದ ಮೇಲೆ ಮರೆತ ಬಟ್ಟೆಯ ಹಾಗೆ. ಟ್ರೂಡಿ ಖಾಲಿ ಸ್ಪೂನನ್ನು ತಟ್ಟೆಗೆ ಎಸೆದಳು. "ನೀವು ಎದ್ದು ಹೋಗಿದ್ರೆ ಯಾವುದೂ ಕರಗ್ತಿರಲಿಲ್ಲ," ಎಂದಳು.

"ನನ್ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಗಾಳಿ ಬಂದಾಗ ಊರೆಲ್ಲ ಬಂದು ಸೇರೋದು ಈ ಶಾಲೇಲೇ ಅಲ್ವಾ? ಊರಿನ ಊಟಾನೂ ಇಲ್ಲೇ ಇಡ್ತೀವಿ ಅಂತ ಬೋರ್ಡಿನಲ್ಲಿ ಒಂದು ಠರಾವು ಮಾಡಿ ನಮಗೆ ಕಳಿಸಿದ್ರೆ, ನಾನು ಒಪ್ಪಿಸೋಕೆ ನೋಡ್ತಿದ್ದೆ."

"ಕೇಳೋದಾ? ನಿಮ್ಮನ್ನಾ?" ಟ್ರೂಡಿಯ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಅಲ್ಸೈಡ್ ಮೊರೋ ನನ್ನ ದೊಡ್ಡಮ್ಮನ ಮಗ. ಅವನೂ ಹೇಳಿದ್ನಲ್ಲ ನಿಮ್ಮ ಹತ್ರ. ಬಾಯಿಬಿಟ್ಟು ಹೇಳಿದ್ನಲ್ಲ."

ಕೊರಿನ್ ಹತ್ತಿರ ಇದ್ದ ಉತ್ತರಗಳೆಲ್ಲ ಆಫೀಸಿನವು, ಈ ಮೇಜಿನ ಮೇಲೆ ಇಡುವಂಥವಲ್ಲ. ಅವಳು ತಟ್ಟೆಯನ್ನು ನೋಡಿದಳು. ಸಾರಿನ ಮೇಲೆ ಬೆಣ್ಣೆ ತೆಳ್ಳಗೆ ಕೆನೆಗಟ್ಟುತ್ತಿತ್ತು.

"ಹೌದು, ಹೇಳಿದ್ದ," ಎಂದಳು. "ನೋಡಿ, ನಾನು ಕಾರುಗಳನ್ನ ನೋಡಿಬಿಟ್ಟಿದ್ದೀನಿ. ನೀವು ಒಳಗೆ ತಂದ್ರೂ ಬರೀಬೇಕು, ತರದಿದ್ರೂ ಬರೀಬೇಕು. ಬರಿಯೋದಂತೂ ತಪ್ಪಲ್ಲ. ಸೀಗಡಿ ಕೊಳೆಯೋದಾದ್ರೂ ತಪ್ಪಲಿ."

"ಬರೆದ್ರೆ ಮಕ್ಕಳ ಕಟ್ಟಡದ ಕಂತು?" ಗಾರ್ಲನ್ ಕೇಳಿದ. ಬೆಳಗಿನಿಂದ ಅವನು ಆಡಿದ ಮೊದಲ ನಿಜವಾದ ಮಾತು ಅದು. ಅದನ್ನು ಆಡಿದ ಕೂಡಲೇ ಅವನು ವಯಸ್ಸಾದವನಾಗಿ ಕಂಡ.

"ಗೊತ್ತಿಲ್ಲ. ಯಾಕೆ ಇಟ್ರು ಅನ್ನೋದನ್ನೂ ಬರೀತೀನಿ. ಪೂರ್ತಿ ಬರೀತೀನಿ. ಮೇಲಿನವರು ಅಷ್ಟು ದೂರ ಓದ್ತಾರೋ ಇಲ್ವೋ, ಅದನ್ನ ನಾನು ಹೇಳೋಕಾಗಲ್ಲ."

"ಬೀಗದ ಕೈ ಯಾರ ಹತ್ರ ಇತ್ತು ಅಂತಾನೂ ಬರೀತೀರಾ?"

ಕೇಳಿದವಳು ಎಲ್ಡೀನ್. ಒಲೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಇನ್ನೂ ಸೌಟು.

"ಬರೀಬೇಕಾಗುತ್ತೆ."

ಅಡುಗೆಮನೆಯ ಪಾತ್ರೆಗಳ ಸದ್ದು ನಿಂತುಹೋಗಿತ್ತು. ತೊಳೆಯುತ್ತಿದ್ದ ಇಬ್ಬರು ಹೆಂಗಸರು ನಲ್ಲಿಯನ್ನು ಹರಿಯಲು ಬಿಟ್ಟು ನಿಂತಿದ್ದರು. ಎಲ್ಡೀನ್ ಆ ಕಡೆ ತಿರುಗಿ, "ನಲ್ಲಿ ನಿಲ್ಲಿಸ್ರೇ, ನೀರೇನು ನಿಮ್ಮ ಮಾವಂದಾ" ಎಂದಳು. ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದು ಇಟ್ಟಳು, ಏಪ್ರನ್ನಿಗೆ ಕೈ ಒರೆಸಿಕೊಂಡಳು, ಗೂಟದಿಂದ ಕಾರಿನ ಕೀಲಿ ತೆಗೆದುಕೊಂಡು ಹಿಂಬಾಗಿಲಿಂದ ಇಳಿದು ಹೋದಳು. ಯಾರೂ ಅವಳ ಹಿಂದೆ ಹೋಗಲಿಲ್ಲ. ಮೂವರೂ ಕೂತಲ್ಲೇ ಕೂತು ಒಂದು ಡಿಕ್ಕಿ ತೆರೆದುಕೊಂಡ ಸದ್ದು ಕೇಳಿದರು. ಅವಳು ಅದನ್ನು ಒಳಗೆ ತರುತ್ತಾಳೋ, ಅಥವಾ ಹಾಗೇ ಕಾರು ಹತ್ತಿ ಮನೆಗೆ ಹೋಗಿಬಿಡುತ್ತಾಳೋ ಕೊರಿನ್‌ಗೆ ತಿಳಿಯಲಿಲ್ಲ. ಹೋದರೆ ತಪ್ಪೇನೂ ಇಲ್ಲ ಎಂದುಕೊಂಡಳು. ಹೋಗಲಿ ಎಂದೂ ಒಂದು ಕ್ಷಣ ಅನಿಸಿತು. ಆಗ ತಾನು ಕಂಡದ್ದು ಖಾಲಿ ಕೋಣೆ ಮಾತ್ರ ಎಂದು ಹೊರಟುಬಿಡಬಹುದು.

ಎಲ್ಡೀನ್ ಬಂದಳು. ಎರಡು ಕೈಯಲ್ಲಿ ತಬ್ಬಿಕೊಂಡ ಐಸ್ ಪೆಟ್ಟಿಗೆ, ಅದರ ಮೂಲೆಯಿಂದ ನೀರು ಇಳಿದು ಅವಳ ಏಪ್ರನ್ನು, ಪಾದ ಎಲ್ಲ ಒದ್ದೆ. ಫ್ರೀಜರ್ ಕೋಣೆಯ ಮುಂದೆ ನಿಂತು, ಏದುಸಿರು ಬಿಡುತ್ತ, ಮುಚ್ಚಿದ ಬಾಗಿಲನ್ನೂ ಕೊರಿನ್‌ಳನ್ನೂ ನೋಡಿದಳು. ದಪ್ಪ ಬಾಗಿಲು ಅದು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಬರ್ಕೊಳ್ಳಿ," ಎಂದಳು ಎಲ್ಡೀನ್. "ಮೊದ್ಲು ಬಂದು ಈ ಬಾಗ್ಲು ಹಿಡ್ಕೊಳ್ಳಿ."

ಕೊರಿನ್ ಎದ್ದು ಹೋಗಿ ಬಾಗಿಲು ಎಳೆದಳು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಎಲ್ಡೀನ್ ಒಳಗೆ ಹೋದಳು. ಸ್ವಲ್ಪ ಹೊತ್ತು ಬೇರೆ ಯಾರೂ ಬರಲಿಲ್ಲ. ಆಮೇಲೆ ಪಾತ್ರೆ ತೊಳೆಯುತ್ತಿದ್ದವರಲ್ಲಿ ಒಬ್ಬಳು, ಅವಳ ಹಿಂದೆ ಕಾರಿಡಾರಿನಿಂದ ಒಬ್ಬ ಮೇಷ್ಟ್ರು, ಆಮೇಲೆ ರಜಾಯಿಗಳನ್ನು ಹೆಗಲ ಮೇಲೆ ಹಾಕಿಕೊಂಡ ಇನ್ನಿಬ್ಬರು. ಗಾರ್ಲನ್ ಕೊನೆಗೆ ಎದ್ದ. ಟ್ರೂಡಿ ಎದ್ದದ್ದು ಅವನಿಗಿಂತ ಮುಂಚೆ, ಆದರೆ ಪೆಟ್ಟಿಗೆ ಹೊತ್ತು ದಾಟುವಾಗ ಮುಖ ಆಚೆ ತಿರುಗಿಸಿಕೊಂಡಳು. ಪ್ಯಾಕೆಟ್ಟುಗಳ ಮೇಲೆ ಟೇಪು ಅಂಟಿಸಿ ಬರೆದ ಹೆಸರುಗಳು ಕೊರಿನ್‌ಳ ಮುಖದ ಹತ್ತಿರವೇ ಹಾದುಹೋದವು. ಅವಳು ಒಂದೊಂದನ್ನೂ ಓದಿದಳು. ಓದದೆ ಇರುವುದು ಅವಳಿಗೆ ಬರುತ್ತಿರಲಿಲ್ಲ. ಒಂದು ಪಕ್ಕಕ್ಕೆ ಕೋಣೆಯ ಚಳಿ, ಇನ್ನೊಂದು ಪಕ್ಕಕ್ಕೆ ಒಲೆಯ ಸೆಕೆ. ಯಾರೂ ಅವಳಿಗೆ ಏನೂ ಹೇಳಲಿಲ್ಲ. ದೊಡ್ಡ ಪೆಟ್ಟಿಗೆಯೊಂದನ್ನು ಇಬ್ಬರು ಹೊತ್ತು ತಂದಾಗ ಮಾತ್ರ, ಮುಂದಿದ್ದವನು, "ಸ್ವಲ್ಪ ಸರೀರಿ" ಎಂದ. ಅವಳು ಹೊಟ್ಟೆ ಒಳಗೆಳೆದುಕೊಂಡು, ಬಾಗಿಲನ್ನು ಇನ್ನಷ್ಟು ಅಗಲ ಮಾಡಿ ನಿಂತಳು.